ರಿವಾರ್ಡ್ ಪಾಯಿಂಟ್, ವೀಸಾ ಮತ್ತು ಪಾಸ್‌ಪೋರ್ಟಿನಲ್ಲಿರುವ ಹೆಸರು

ವಿದೇಶ ಪ್ರವಾಸದ ಯೋಜನೆಗೆಂದು ನಮ್ಮ ಬೆಂಗಳೂರಿನ ಕಚೇರಿಗೆ ಬರುವ ಕುಟುಂಬಗಳಲ್ಲಿ ಹೆಚ್ಚಿನವರು ಮೊದಲು ಕೇಳುವುದು, ‘ಕ್ರೆಡಿಟ್ ಕಾರ್ಡಿನಲ್ಲಿ ಇಷ್ಟು ಪಾಯಿಂಟ್ ಸೇರಿವೆ, ಇದರಲ್ಲಿ ಎಲ್ಲಿಗೆ ಹೋಗಿ ಬರಬಹುದು?’ ಎಂದು. ಆ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಬದಿಗಿಟ್ಟು ನಾನು ಬೇರೆ ಮೂರು ವಿಷಯ ಕೇಳುತ್ತೇನೆ: ಯಾವ ದೇಶಕ್ಕೆ, ಯಾವ ತಿಂಗಳಲ್ಲಿ, ಮತ್ತು ಹೊರಟವರ ಪಾಸ್‌ಪೋರ್ಟಿನಲ್ಲಿ ಹೆಸರು ಹೇಗೆ ಮುದ್ರಣವಾಗಿದೆ. ಪಾಯಿಂಟ್‌ಗಳಿಂದ ಉಳಿತಾಯವಾಗುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಈ ಮೂರರ ಮೇಲೆ ನಿಂತಿರುತ್ತದೆ. ಪಾಯಿಂಟ್ ಇದೆಯೆಂದು ಊರು ಆರಿಸಿದವರಿಗಿಂತ, ಊರು ಮತ್ತು ತಿಂಗಳು ಗೊತ್ತುಮಾಡಿಕೊಂಡು ಅದಕ್ಕೆ ತಕ್ಕ ಪಾಯಿಂಟ್ ಕೂಡಿಸಿದವರ ಪ್ರಯಾಣ ಸುಸೂತ್ರವಾಗಿ ನಡೆಯುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಮೊದಲಿಗೆ ಪಾಯಿಂಟಿನ ಬೆಲೆಯನ್ನು ನೋಡೋಣ. ಒಂದು ಪಾಯಿಂಟಿಗೆ ನಿಗದಿತ ಬೆಲೆಯೆಂಬುದು ಇರುವುದಿಲ್ಲ. ನೀವು ಅದನ್ನು ಯಾವುದಕ್ಕೆ ಬಳಸುತ್ತೀರೋ ಅದರ ಮೇಲೆ ಬೆಲೆ ಏರುತ್ತದೆ, ಇಳಿಯುತ್ತದೆ. ಲೆಕ್ಕ ಸುಲಭ. ಒಂದು ಟಿಕೆಟ್ಟಿನ ನಗದು ದರ 42,000 ರೂಪಾಯಿ ಇದೆ ಎಂದಿಟ್ಟುಕೊಳ್ಳಿ. ಅದೇ ಆಸನ 30,000 ಮೈಲ್ಸ್ (ವಿಮಾನಯಾನ ಸಂಸ್ಥೆಯ ಪಾಯಿಂಟ್; ಕಾರ್ಡಿನ ಪಾಯಿಂಟನ್ನು ಇದಕ್ಕೆ ಬದಲಿಸಿಕೊಳ್ಳಬಹುದು) ಮತ್ತು 9,000 ರೂಪಾಯಿ ತೆರಿಗೆಗೆ ಸಿಗುತ್ತಿದ್ದರೆ, 42,000ದಿಂದ 9,000 ಕಳೆದು ಉಳಿದ 33,000ವನ್ನು 30,000ದಿಂದ ಭಾಗಿಸಬೇಕು. ಒಂದು ಮೈಲಿಗೆ 1 ರೂಪಾಯಿ 10 ಪೈಸೆ ಸಿಕ್ಕಿದಂತಾಯಿತು. ಅದೇ ಪಾಯಿಂಟನ್ನು ಬ್ಯಾಂಕಿನ ಕೆಟಲಾಗಿನಲ್ಲಿ ಮಿಕ್ಸರ್‌ಗೋ ಶಾಪಿಂಗ್ ವೋಚರಿಗೋ ಕೊಟ್ಟರೆ ಹಲವು ಕಾರ್ಡುಗಳಲ್ಲಿ 50 ಪೈಸೆಯೂ ದಕ್ಕುವುದಿಲ್ಲ. ಆದರೆ ಈ ಲೆಕ್ಕದಲ್ಲಿ ಒಂದು ಎಚ್ಚರ ಬೇಕು. ಹೋಲಿಸಬೇಕಾದದ್ದು ನೀವು ನಿಜವಾಗಿ ಕೈಯಿಂದ ಕೊಡಲು ಸಿದ್ಧವಿದ್ದ ದರವನ್ನು. ಬಿಸಿನೆಸ್ ಕ್ಲಾಸಿನ ಮೂರು ಲಕ್ಷದ ಟಿಕೆಟ್ ಪಾಯಿಂಟಿನಲ್ಲಿ ಸಿಕ್ಕಿತೆಂದು ಮೂರು ಲಕ್ಷ ಉಳಿಸಿದೆನೆಂದು ಹೇಳುವುದು ಸರಿಯಲ್ಲ. ಅಷ್ಟು ಹಣ ಕೊಟ್ಟು ಅದನ್ನು ನೀವು ಎಂದೂ ಕೊಳ್ಳುತ್ತಿರಲಿಲ್ಲ.

ಕಾರ್ಡಿನ ಬಾಕಿಯನ್ನು ಪ್ರತಿ ತಿಂಗಳು ಪೂರ್ತಿ ಕಟ್ಟದವರಿಗೆ ಈ ಲೆಕ್ಕವೇ ಅನ್ವಯಿಸುವುದಿಲ್ಲ. ತಿಂಗಳಿಗೆ ಶೇ. 3.5ರ ಆಸುಪಾಸಿನ ಬಡ್ಡಿ ಎಂದರೆ ವರ್ಷಕ್ಕೆ ಶೇ. 40ನ್ನು ಮೀರುತ್ತದೆ; ನೂರು ರೂಪಾಯಿಗೆ ಒಂದೆರಡು ರೂಪಾಯಿ ಮೌಲ್ಯದ ಪಾಯಿಂಟ್ ಅದರ ಮುಂದೆ ಏನೇನೂ ಅಲ್ಲ. ಅಂಥವರು ಮೊದಲು ಬಾಕಿ ತೀರಿಸಲಿ, ಪ್ರವಾಸದ ಮಾತು ಆಮೇಲೆ.

ಪಾಯಿಂಟ್‌ಗಳನ್ನು ಬ್ಯಾಂಕಿನಿಂದ ವಿಮಾನಯಾನ ಸಂಸ್ಥೆಗೆ ವರ್ಗಾಯಿಸಿದರೆ ಅವನ್ನು ಮರಳಿ ತರುವ ದಾರಿಯಿಲ್ಲ. ಹೀಗಿರುವಾಗ ಆಸನ ಇದೆಯೇ ಎಂದು ನೋಡುವ ಮೊದಲೇ ವರ್ಗಾಯಿಸುವುದು ದೊಡ್ಡ ತಪ್ಪು. ಬ್ಯಾಂಕಿನಲ್ಲಿರುವವರೆಗೆ ಆ ಪಾಯಿಂಟ್ ಹಲವು ಸಂಸ್ಥೆಗಳಿಗೆ ಸಲ್ಲಬಲ್ಲದು. ಒಂದು ಸಂಸ್ಥೆಗೆ ಹೋದ ಮೇಲೆ ಅಲ್ಲಿನ ನಿಯಮಕ್ಕೆ, ಅಲ್ಲಿನ ಅವಧಿಗೆ ಬದ್ಧವಾಗುತ್ತದೆ. ಸಿಂಗಪುರ್ ಏರ್‌ಲೈನ್ಸ್‌ನ ಕ್ರಿಸ್‌ಫ್ಲೈಯರ್ ಮೈಲ್ಸ್‌ಗೆ 36 ತಿಂಗಳ ಅವಧಿಯಿದೆ. ಅಮೆರಿಕದ ಯುನೈಟೆಡ್ ಏರ್‌ಲೈನ್ಸ್‌ನ ಮೈಲೇಜ್‌ಪ್ಲಸ್ ಮೈಲ್ಸ್ 2019ರಿಂದ ಅವಧಿ ಮೀರುವುದಿಲ್ಲ. ಹಾಗೆಂದು ಬ್ಯಾಂಕಿನಲ್ಲೇ ವರ್ಷಗಟ್ಟಲೆ ಕೂಡಿಡುವುದೂ ಜಾಣತನವಲ್ಲ. ಬ್ಯಾಂಕುಗಳು ವರ್ಗಾವಣೆಯ ಅನುಪಾತವನ್ನೂ ವಿಮಾನಯಾನ ಸಂಸ್ಥೆಗಳು ತಮ್ಮ ಮೈಲ್ಸ್ ಪಟ್ಟಿಯನ್ನೂ ಅಲ್ಪ ಮುನ್ಸೂಚನೆಯಲ್ಲಿ ಬದಲಿಸಬಲ್ಲವು, ಮತ್ತು ಆ ಬದಲಾವಣೆ ಗ್ರಾಹಕರ ಪರವಾಗಿ ಆಗುವುದು ಅಪರೂಪ. ಪಾಯಿಂಟಿಗೆ ಬಡ್ಡಿ ಹುಟ್ಟುವುದಿಲ್ಲವಾದ್ದರಿಂದ ಒಂದೆರಡು ವರ್ಷದೊಳಗೆ ಖರ್ಚು ಮಾಡುವ ಗುರಿಯಿರಲಿ.

ಮೈಲ್ಸ್‌ಗೆ ಸಿಗುವ ಅಗ್ಗದ ಆಸನಗಳು ಪ್ರತಿ ವಿಮಾನದಲ್ಲೂ ಕೆಲವೇ ಇರುತ್ತವೆ, ಮತ್ತು ಬಹುತೇಕ ಸಂಸ್ಥೆಗಳು ಅವನ್ನು ಪ್ರಯಾಣಕ್ಕೆ ಸುಮಾರು 11 ತಿಂಗಳು ಮೊದಲೇ ತೆರೆಯುತ್ತವೆ. ನಮ್ಮ ಶಾಲೆಗಳಿಗೆ ರಜೆ ಬರುವುದು ಏಪ್ರಿಲ್–ಮೇ ತಿಂಗಳಲ್ಲಿ ಮತ್ತು ದಸರೆಯ ಹೊತ್ತಿಗೆ. ರಾಜ್ಯದ ಎಲ್ಲರೂ ಹೊರಡುವುದು ಆಗಲೇ. ಮಕ್ಕಳಿರುವ ಕುಟುಂಬ ಮುಂದಿನ ಬೇಸಿಗೆಗೆ ನಾಲ್ಕು ಆಸನ ಬೇಕೆಂದು ಜನವರಿಯಲ್ಲಿ ಬಂದರೆ ನಾನು ಬೇಸರದಿಂದಲೇ ನಗದು ಟಿಕೆಟ್ ಸೂಚಿಸಬೇಕಾಗುತ್ತದೆ. ಹಿಂದಿನ ಜೂನ್–ಜುಲೈನಲ್ಲಿ ಬಂದವರಿಗೆ ಆಯ್ಕೆಗಳಿರುತ್ತವೆ. ನಾಲ್ವರಿಗೂ ಒಂದೇ ವಿಮಾನದಲ್ಲಿ ಮೈಲ್ಸ್ ಆಸನ ಸಿಗದಿದ್ದರೆ ಹೋಗುವಾಗ ನಗದು, ಬರುವಾಗ ಮೈಲ್ಸ್ ಎಂದು ವಿಂಗಡಿಸಿಕೊಂಡರೂ ತಪ್ಪಿಲ್ಲ. ಆದರೆ ಎರಡು ಟಿಕೆಟ್ಟಿನ ನಿಯಮಗಳು ಬೇರೆಯಾಗಿರುತ್ತವೆ, ಒಂದನ್ನು ರದ್ದುಮಾಡಿದರೆ ಇನ್ನೊಂದು ತಾನಾಗಿ ರದ್ದಾಗದು ಎಂಬುದು ನೆನಪಿರಲಿ.

‘ಉಚಿತ’ ಟಿಕೆಟ್ಟಿಗೂ ಕೈಯಿಂದ ಹಣ ಹೋಗುತ್ತದೆ. ವಿಮಾನ ನಿಲ್ದಾಣದ ಶುಲ್ಕ ಮತ್ತು ತೆರಿಗೆಯನ್ನು ಯಾರೂ ಬಿಡುವುದಿಲ್ಲ. ಅದರ ಮೇಲೆ ಕೆಲವು ಸಂಸ್ಥೆಗಳು ಇಂಧನ ಸರ್‌ಚಾರ್ಜನ್ನೂ ಹಾಕುತ್ತವೆ. ಬ್ರಿಟಿಷ್ ಏರ್‌ವೇಸ್ ಮತ್ತು ಲುಫ್ತಾನ್ಸಾಗಳ ಮೈಲ್ಸ್ ಟಿಕೆಟ್‌ಗಳಲ್ಲಿ ಇದು ದೊಡ್ಡ ಮೊತ್ತವಾಗುವುದುಂಟು. ಸಿಂಗಪುರ್ ಏರ್‌ಲೈನ್ಸ್ ತನ್ನ ಸ್ವಂತ ವಿಮಾನಗಳ ಮೈಲ್ಸ್ ಟಿಕೆಟ್‌ಗಳ ಮೇಲಿನ ಇಂಧನ ಸರ್‌ಚಾರ್ಜನ್ನು 2017ರಲ್ಲಿ ಕೈಬಿಟ್ಟಿತು. ಯುನೈಟೆಡ್ ತನ್ನ ಮೈಲ್ಸ್‌ನಲ್ಲಿ ಕೊಳ್ಳುವ ಪಾಲುದಾರ ಸಂಸ್ಥೆಗಳ ಟಿಕೆಟ್‌ಗೂ ಅದನ್ನು ಸೇರಿಸುವುದಿಲ್ಲ. ಹೀಗಾಗಿ ಬೆಂಗಳೂರಿನಿಂದ ಫ್ರಾಂಕ್‌ಫರ್ಟಿಗೆ ಹಾರುವ ಅದೇ ಲುಫ್ತಾನ್ಸಾ ಆಸನಕ್ಕೆ, ಯಾರ ಮೈಲ್ಸ್‌ನಲ್ಲಿ ಕೊಂಡಿರಿ ಎಂಬುದರ ಮೇಲೆ, ಕೈಯಿಂದ ಕೊಡುವ ಹಣ ಬೇರೆ ಬೇರೆ. ಲುಫ್ತಾನ್ಸಾ, ಸಿಂಗಪುರ್ ಏರ್‌ಲೈನ್ಸ್, ಯುನೈಟೆಡ್ ಮತ್ತು ಏರ್ ಇಂಡಿಯಾ ಸ್ಟಾರ್ ಅಲಯನ್ಸ್ ಎಂಬ ವಿಮಾನಯಾನ ಸಂಸ್ಥೆಗಳ ಕೂಟದಲ್ಲಿವೆ. ಏರ್ ಇಂಡಿಯಾ ಅದಕ್ಕೆ ಸೇರಿದ್ದು 2014ರ ಜುಲೈನಲ್ಲಿ. ಅಮೆರಿಕದಲ್ಲಿರುವ ಮಗನೋ ಮಗಳೋ ಅಲ್ಲಿನ ಕಾರ್ಡಿನಿಂದ ಯುನೈಟೆಡ್ ಮೈಲ್ಸ್ ಕೂಡಿಸಿದ್ದರೆ, ಅದರಿಂದಲೇ ಇಲ್ಲಿನ ತಂದೆತಾಯಿಗೆ ಟಿಕೆಟ್ ತೆಗೆಯಬಹುದೆಂಬುದು ಎಷ್ಟೋ ಮನೆಗಳಿಗೆ ತಿಳಿದೇ ಇರುವುದಿಲ್ಲ.

ಮೈಲ್ಸ್ ಟಿಕೆಟ್ಟಿನ ಒಂದು ಗುಣವನ್ನು ಜನ ಗಮನಿಸುವುದು ಕಡಿಮೆ; ನನ್ನ ಮಟ್ಟಿಗೆ ಅದೇ ಅದರ ದೊಡ್ಡ ಗುಣ. ಅಗ್ಗದ ನಗದು ಟಿಕೆಟ್ಟನ್ನು ರದ್ದುಮಾಡಿದರೆ ಹೆಚ್ಚಿನ ಸಲ ತೆರಿಗೆಯ ಹೊರತು ಏನೂ ಕೈಗೆ ಬರುವುದಿಲ್ಲ. ಅನೇಕ ಸಂಸ್ಥೆಗಳಲ್ಲಿ ಮೈಲ್ಸ್ ಟಿಕೆಟ್ಟನ್ನು ನಿಗದಿತ ಶುಲ್ಕ ಕೊಟ್ಟು ರದ್ದುಮಾಡಿದರೆ ಮೈಲ್ಸ್ ಖಾತೆಗೆ ಮರಳುತ್ತವೆ. ವೀಸಾ ಬರುವುದೋ ಇಲ್ಲವೋ ಎಂಬ ಅನಿಶ್ಚಯ ಇರುವ ಭಾರತೀಯ ಪ್ರಯಾಣಿಕರಿಗೆ ಇದಕ್ಕಿಂತ ಹೆಚ್ಚಿನ ನೆಮ್ಮದಿ ಬೇರೆ ಇಲ್ಲ. ಯೂರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾಕ್ಕೆ ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಕನಿಷ್ಠ 15 ದಿನ ಮೊದಲಾದರೂ ಹಾಕಿರಬೇಕು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನದವರೆಗೂ ಹಿಡಿಯುತ್ತದೆ. ಬೇಸಿಗೆಯಲ್ಲಿ ಅರ್ಜಿ ಸಲ್ಲಿಸುವ ಸ್ಲಾಟ್ ಸಿಗುವುದೇ ಕಷ್ಟವಾಗುವುದರಿಂದ, ಮೈಲ್ಸ್‌ನಲ್ಲಿ ಆಸನ ಹಿಡಿದಿಟ್ಟು, ಆರು ತಿಂಗಳ ಬಾಗಿಲು ತೆರೆದ ವಾರದಲ್ಲೇ ಸ್ಲಾಟ್ ಹುಡುಕಲು ಆರಂಭಿಸಬೇಕೆಂದು ನಾನು ಹೇಳುತ್ತೇನೆ. ಯಾವ ದೇಶದಲ್ಲಿ ಹೆಚ್ಚು ದಿನ ತಂಗುವಿರೋ ಆ ದೇಶಕ್ಕೇ ಅರ್ಜಿ ಹೋಗಬೇಕು. ದಿನಗಳು ಸಮವಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ. ಸ್ಲಾಟ್ ಬೇಗ ಸಿಗುತ್ತದೆಂದು ಬೇರೊಂದು ದೇಶಕ್ಕೆ ಅರ್ಜಿ ಹಾಕಿ, ಅಲ್ಲಿ ಒಂದೇ ರಾತ್ರಿ ತಂಗುವ ಯೋಜನೆ ತೋರಿಸುವುದು ತಿರಸ್ಕಾರವನ್ನು ಆಹ್ವಾನಿಸಿದಂತೆ. ಕನಿಷ್ಠ 30,000 ಯೂರೋ ವೈದ್ಯಕೀಯ ರಕ್ಷಣೆಯ ವಿಮೆ, ಹಿಂದಿರುಗುವ ದಿನದ ನಂತರವೂ ಮೂರು ತಿಂಗಳು ಊರ್ಜಿತವಿರುವ ಪಾಸ್‌ಪೋರ್ಟ್, ಅದರಲ್ಲಿ ಎರಡು ಖಾಲಿ ಪುಟ, ಇವು ಕಡ್ಡಾಯ. ಮಕ್ಕಳ ಪಾಸ್‌ಪೋರ್ಟಿಗೆ ಐದೇ ವರ್ಷದ ಅವಧಿ ಎಂಬುದನ್ನು ಮರೆತು ಕೊನೆಯ ಗಳಿಗೆಯಲ್ಲಿ ಓಡಾಡುವವರು ಬಹಳ.

ಇನ್ನು ಹೆಸರಿನ ವಿಷಯ. ಇದು ಕರ್ನಾಟಕದವರನ್ನು ವಿಶೇಷವಾಗಿ ಕಾಡುವ ತೊಡಕಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ನಮ್ಮಲ್ಲಿ ಊರಿನ ಹೆಸರು, ತಂದೆಯ ಹೆಸರು, ಆಮೇಲೆ ತನ್ನ ಹೆಸರು ಎಂಬ ಕ್ರಮವಿದೆ. ಮೊದಲೆರಡು ಇನಿಷಿಯಲ್‌ಗಳಾಗಿ ನಿಲ್ಲುತ್ತವೆ. ಹೀಗೆ ‘ಎಚ್. ಆರ್. ಮಂಜುನಾಥ’ ಎಂದು ಶಾಲೆಯ ದಾಖಲೆಯಲ್ಲಿರುವ ವ್ಯಕ್ತಿಯ ಪಾಸ್‌ಪೋರ್ಟಿನಲ್ಲಿ ಗಿವನ್ ನೇಮ್ ಜಾಗದಲ್ಲಿ ಬರೀ ‘ಮಂಜುನಾಥ’ ಇದ್ದು ಸರ್‌ನೇಮ್ ಜಾಗ ಖಾಲಿಯಿರಬಹುದು. ಕಾರ್ಡಿನ ಮೇಲೆ ‘ಮಂಜುನಾಥ ಎಚ್ ಆರ್’ ಎಂದಿರಬಹುದು. ಮೈಲ್ಸ್ ಖಾತೆಯನ್ನು ಮಗಳು ತೆರೆದು ಸರ್‌ನೇಮ್ ಕಡ್ಡಾಯವೆಂದು ‘ರಾಮಪ್ಪ’ ಎಂದು ತುಂಬಿರಬಹುದು. ಇದೇ ವ್ಯಕ್ತಿಗೆ ಅಮೆರಿಕದ ವೀಸಾ ಬಂದಾಗ ‘ಮಂಜುನಾಥ’ ಸರ್‌ನೇಮ್ ಜಾಗಕ್ಕೆ ಹೋಗಿ, ಗಿವನ್ ನೇಮ್ ಜಾಗದಲ್ಲಿ ‘ಎಫ್‌ಎನ್‌ಯು’ (ಫಸ್ಟ್ ನೇಮ್ ಅನ್‌ನೋನ್, ಅಂದರೆ ಮೊದಲ ಹೆಸರು ತಿಳಿದಿಲ್ಲ) ಎಂಬ ಮೂರಕ್ಷರ ಕೂತಿರುತ್ತದೆ. ದಾಖಲೆಗೊಂದು ಹೆಸರು. ಬುಕಿಂಗ್ ಮಾಡುವಾಗ ಯಾರೂ ತಡೆಯುವುದಿಲ್ಲ. ಕೆಂಪೇಗೌಡ ನಿಲ್ದಾಣದ ಎರಡನೇ ಟರ್ಮಿನಲ್ಲಿನ ಚೆಕ್-ಇನ್ ಕೌಂಟರಿನಲ್ಲಿ ಪಾಸ್‌ಪೋರ್ಟ್ ತೆರೆದಾಗ ತಡೆಯುತ್ತಾರೆ.

ಒಂದೇ ಹೆಸರಿನ ಪಾಸ್‌ಪೋರ್ಟಿಗೆ ಕೆಲವು ದೇಶಗಳಲ್ಲಿ ಪ್ರವೇಶವೇ ಕಷ್ಟ. 2022ರ ನವೆಂಬರಿನಲ್ಲಿ ಯುಎಇ, ಒಂದೇ ಪದದ ಹೆಸರಿರುವವರಿಗೆ ಭೇಟಿಯ ವೀಸಾದಲ್ಲಿ ಪ್ರವೇಶವಿಲ್ಲವೆಂದು ತಿಳಿಸಿತು; ಪಾಸ್‌ಪೋರ್ಟಿನ ಇನ್ನೊಂದು ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಒಪ್ಪುವುದಾಗಿ ಆಮೇಲೆ ಸ್ಪಷ್ಟಪಡಿಸಿತು. ಆದ್ದರಿಂದ ನನ್ನ ಸಲಹೆ ಇಷ್ಟು. ಪಾಸ್‌ಪೋರ್ಟ್ ನವೀಕರಣಕ್ಕೆ ಬಂದಾಗಲೇ ಇನಿಷಿಯಲ್‌ಗಳನ್ನು ಬಿಡಿಸಿ, ಹೆಸರನ್ನು ಎರಡು ಭಾಗ ಮಾಡಿಸಿಕೊಳ್ಳಿ. ಇದಕ್ಕೆ ರೀ-ಇಶ್ಯೂ ಅರ್ಜಿ ಹಾಕಬೇಕು. ಆಧಾರ್, ಪ್ಯಾನ್‌ಗಳಲ್ಲೂ ಹೆಸರು ಅದರಂತೆಯೇ ಇರಲಿ. ಮೈಲ್ಸ್ ಖಾತೆಯನ್ನು ಪಾಸ್‌ಪೋರ್ಟ್ ಎದುರಿಗಿಟ್ಟುಕೊಂಡೇ ತೆರೆಯಿರಿ. ಊರ್ಜಿತ ವೀಸಾ ಹಳೆಯ ಹೆಸರಿನಲ್ಲಿದ್ದರೆ ಅವಸರಪಟ್ಟು ಬದಲಿಸಬೇಡಿ. ಒಂದನ್ನು ಸರಿಪಡಿಸಲು ಹೋಗಿ ಇನ್ನೊಂದು ಕೆಡುತ್ತದೆ. ಮನೆಯವರಿಗೆ ನಿಮ್ಮ ಮೈಲ್ಸ್‌ನಲ್ಲಿ ಟಿಕೆಟ್ ತೆಗೆಯಲು ಕೆಲವು ಸಂಸ್ಥೆಗಳಲ್ಲಿ ಅವರ ಹೆಸರನ್ನು ಮೊದಲೇ ನಾಮಿನಿಯಾಗಿ ಸೇರಿಸಿರಬೇಕು. ಕ್ರಿಸ್‌ಫ್ಲೈಯರಿನಲ್ಲಿ ಹೀಗೆ ಐವರನ್ನು ಸೇರಿಸಬಹುದು. ಅಲ್ಲಿಯೂ ಪಾಸ್‌ಪೋರ್ಟಿನ ಅಕ್ಷರಗಳೇ ಇರಬೇಕು.

ಮೈಲ್ಸ್ ಟಿಕೆಟ್ ಹುಡುಕುವವರು ಸಿಕ್ಕಿಬೀಳುವ ಇನ್ನೊಂದು ಜಾಗ ಬೇರೆ ಬೇರೆ ಟಿಕೆಟ್‌ಗಳ ಜೋಡಣೆ. ಬೆಂಗಳೂರಿನಿಂದ ಲಂಡನ್ನಿಗೆ ಒಂದು ಸಂಸ್ಥೆಯ ಮೈಲ್ಸ್, ಅಲ್ಲಿಂದ ಮುಂದಕ್ಕೆ ಇನ್ನೊಂದರ ಅಗ್ಗದ ಟಿಕೆಟ್ ಎಂದು ಕೂಡಿಸಿದರೆ, ಮೊದಲ ವಿಮಾನ ತಡವಾದಾಗ ಎರಡನೆಯದರ ಹೊಣೆ ಯಾರದ್ದೂ ಅಲ್ಲ. ಬ್ಯಾಗನ್ನು ಲಂಡನ್ನಿನಲ್ಲಿ ಬಿಡಿಸಿಕೊಂಡು ಮತ್ತೆ ಚೆಕ್-ಇನ್ ಮಾಡಬೇಕಾದರೆ ಬ್ರಿಟನ್ನಿನ ಗಡಿ ದಾಟಬೇಕು, ಅದಕ್ಕೆ ತಕ್ಕ ವೀಸಾ ಬೇಕು. ಒಂದೇ ಟಿಕೆಟ್ಟಿದ್ದು ಗಡಿ ದಾಟದೆ ವಿಮಾನ ಬದಲಿಸುವುದಾದರೂ, ಅಮೆರಿಕ, ಕೆನಡಾದಂಥ ಕೆಲವು ದೇಶಗಳ ವೀಸಾ ಇದ್ದು ವಿನಾಯಿತಿ ಸಿಗದ ಹೊರತು, ಭಾರತೀಯರಿಗೆ ಅಲ್ಲಿ ಟ್ರಾನ್ಸಿಟ್ ವೀಸಾ ಬೇಕಾಗುತ್ತದೆ. ವಯಸ್ಸಾದ ತಂದೆತಾಯಿ ಇಬ್ಬರೇ ಹೊರಟಿದ್ದರೆ ನಾನು ಎರಡು ಟಿಕೆಟ್ ಜೋಡಿಸುವುದಕ್ಕೆ ಒಪ್ಪುವುದೇ ಇಲ್ಲ. ಐದಾರು ಸಾವಿರ ಮೈಲ್ಸ್ ಹೆಚ್ಚಾದರೂ ಸರಿ, ಇಡೀ ದಾರಿ ಒಂದೇ ಟಿಕೆಟ್ಟಿನಲ್ಲಿರಲಿ, ಗಾಲಿಕುರ್ಚಿಯ ಕೋರಿಕೆ ಅದರಲ್ಲೇ ನಮೂದಾಗಿರಲಿ, ಬ್ಯಾಗು ಕೊನೆಯ ಊರಿನಲ್ಲೇ ಸಿಗಲಿ.

ಹೊರದೇಶದಲ್ಲಿ ಕಾರ್ಡ್ ಬಳಸುವಾಗ ಪಾಯಿಂಟಿನ ಆಸೆಗೆ ಹಣ ಸೋರದಂತೆ ನೋಡಿಕೊಳ್ಳಬೇಕು. ಬಹಳಷ್ಟು ಕಾರ್ಡುಗಳಲ್ಲಿ ವಿದೇಶಿ ವಹಿವಾಟಿಗೆ ಶೇ. 3.5 ಮಾರ್ಕಪ್ ಎಂಬ ಹೆಚ್ಚುವರಿ ಶುಲ್ಕ, ಅದರ ಮೇಲೆ ಶೇ. 18 ಜಿಎಸ್‌ಟಿ, ಒಟ್ಟು ಶೇ. 4.13. ಎರಡು ಲಕ್ಷ ಖರ್ಚಿಗೆ ಇದು 8,260 ರೂಪಾಯಿ. ಪಾಯಿಂಟಿನಿಂದ ಬರುವುದು ಮೂರು ಸಾವಿರವಾದರೆ ಲಾಭ ಎಲ್ಲಿದೆ? ಮಾರ್ಕಪ್ ಇಲ್ಲದ ಅಥವಾ ಕಡಿಮೆ ಇರುವ ಒಂದು ಕಾರ್ಡನ್ನು ಪ್ರವಾಸಕ್ಕೆಂದೇ ಇಟ್ಟುಕೊಳ್ಳುವುದು ಒಳ್ಳೆಯದು. ಅಂಗಡಿಯ ಯಂತ್ರ ‘ರೂಪಾಯಿಯಲ್ಲಿ ಕೊಡುತ್ತೀರಾ?’ ಎಂದು ಕೇಳಿದರೆ ಬೇಡವೆನ್ನಿ; ಆ ದೇಶದ ಹಣವನ್ನೇ ಆರಿಸಿ. ರೂಪಾಯಿಯನ್ನು ಒಪ್ಪಿದರೆ ಅಂಗಡಿಯ ಕಡೆಯವರು ತಮಗೆ ಬೇಕಾದ ದರ ಹಾಕುತ್ತಾರೆ. ರಿಸರ್ವ್ ಬ್ಯಾಂಕಿನ 2020ರ ನಿಯಮದಂತೆ ಹೊಸ ಕಾರ್ಡುಗಳು ದೇಶದೊಳಗಿನ ಬಳಕೆಗೆ ಮಾತ್ರ ತೆರೆದಿರುತ್ತವೆ. ಅಂತರರಾಷ್ಟ್ರೀಯ ಬಳಕೆಯನ್ನು ಆ್ಯಪಿನಲ್ಲಿ ನೀವೇ ತೆರೆಯಬೇಕು. ಬ್ಯಾಂಕಿನ ಒಟಿಪಿ ಬರುವ ಸಿಮ್‌ನಲ್ಲಿ ರೋಮಿಂಗ್ ಚಾಲೂ ಇರಬೇಕು. ಡೇಟಾಕ್ಕೆ ಇ-ಸಿಮ್ ಹಾಕಿಕೊಂಡು ಊರಿನ ಸಿಮ್ಮನ್ನು ಮನೆಯಲ್ಲೇ ಬಿಟ್ಟುಹೋದವರು ಹೋಟೆಲಿನ ಬಿಲ್ ಕಟ್ಟಲಾಗದೆ ಫೋನ್ ಮಾಡಿದ್ದುಂಟು. ಪ್ಯಾಕೇಜ್ ಟೂರ್ ಕೊಳ್ಳುವವರಿಂದ ಟಿಸಿಎಸ್ (ಮಾರುವವರೇ ಹಿಡಿದುಕೊಳ್ಳುವ ಆದಾಯ ತೆರಿಗೆ) ವಸೂಲಾಗುತ್ತದೆ. ಅದು ಹಣ ಕಟ್ಟಿದವರ ಪ್ಯಾನ್‌ಗೆ ಜಮೆಯಾಗುವುದರಿಂದ ಮನೆಯಲ್ಲಿ ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸುವವರೇ ಕಟ್ಟಲಿ.

ನಗದು ಟಿಕೆಟ್ಟಿನಲ್ಲಿ ಹಾರಿದವರು ಊರಿಗೆ ಮರಳಿದ ಮೇಲೂ ಬೋರ್ಡಿಂಗ್ ಪಾಸನ್ನು ಎಸೆಯಬಾರದು. ಟಿಕೆಟ್ಟಿನಲ್ಲಿ ಸದಸ್ಯ ಸಂಖ್ಯೆ ನಮೂದಿಸದ್ದರಿಂದಲೋ ಹೆಸರಿನ ಅಕ್ಷರ ಹೊಂದದ್ದರಿಂದಲೋ ಮೈಲ್ಸ್ ಜಮೆಯಾಗದೆ ಉಳಿಯುವುದು ಸಾಮಾನ್ಯ. ಹಲವು ಸಂಸ್ಥೆಗಳು ಕೆಲವು ತಿಂಗಳವರೆಗೆ ಅವನ್ನು ಹಿಂದಿನಿಂದ ಕೇಳಿ ಪಡೆಯಲು ಅವಕಾಶ ಕೊಡುತ್ತವೆ. ಟಿಕೆಟ್ ಸಂಖ್ಯೆ ಮತ್ತು ಬೋರ್ಡಿಂಗ್ ಪಾಸ್ ಎರಡೂ ಕೈಯಲ್ಲಿದ್ದರೆ ಸಂಸ್ಥೆಯ ಜಾಲತಾಣದಲ್ಲೇ ಈ ಕೆಲಸ ಮುಗಿಯುತ್ತದೆ.