ಗಲ್ಲಾದಿಂದ ತೆಗೆದ ಹಣ ಯಾವ ಖಾತೆಗೆ?

ಮುಂಬಯಿ ಕಡೆಯ ಮಾಟುಂಗಾ, ಘಾಟ್ಕೋಪರ್, ಡೊಂಬಿವಲಿಗಳಲ್ಲಿ ಹೋಟೆಲು ನಡೆಸುವ ನಮ್ಮ ಊರಿನವರ ಲೆಕ್ಕಪತ್ರಗಳು ಮಾರ್ಚ್ 31 ಕಳೆದ ಮೇಲೆ ನನ್ನ ಮೇಜಿಗೆ ಬರುತ್ತವೆ. ಬಾಡಿಗೆ, ವಿದ್ಯುತ್, ಹಾಲು, ವಾಶಿ ಮಾರುಕಟ್ಟೆಯ ತರಕಾರಿ ಎಲ್ಲವೂ ತಂತಮ್ಮ ಖಾತೆಯಲ್ಲೇ ಇರುತ್ತವೆ. ಮಾಲೀಕರು ಗಲ್ಲಾದಿಂದ ಸ್ವಂತಕ್ಕೆ ತೆಗೆದ ಹಣ ಮಾತ್ರ 'ಇತರ ಖರ್ಚು' ಎಂಬ ಹೆಸರಿನಡಿ ಸೇರಿಕೊಂಡಿರುತ್ತದೆ. ಕೇಳಿದರೆ, ಲೆಕ್ಕದ ತಂತ್ರಾಂಶವನ್ನು ತೋರಿಸಿ, "ಟ್ಯಾಲಿಯಲ್ಲಿ ಎರಡೂ ಕಡೆ ಸರಿ ಬಂದಿದೆಯಲ್ಲ ಸಾರ್, ಇನ್ನೇನು?" ಎನ್ನುತ್ತಾರೆ.

ಎರಡೂ ಕಡೆ ಸರಿ ಬರದೆ ಹೇಗಿದ್ದೀತು? ಒಂದೇ ಮೊತ್ತವನ್ನು ಒಂದು ಖಾತೆಯ ಎಡಬದಿಗೆ ಡೆಬಿಟ್, ಇನ್ನೊಂದರ ಬಲಬದಿಗೆ ಕ್ರೆಡಿಟ್ ಮಾಡಿದ ಮೇಲೆ, ಎಲ್ಲ ಖಾತೆಗಳ ಶಿಲ್ಕನ್ನು ಎರಡು ಬದಿಗಳಲ್ಲಿ ಕೂಡಿಸಿ ನೋಡುವ ತಾಳೆಪಟ್ಟಿ ತಾಳೆಯಾಗಲೇಬೇಕು. ಮಗಳ ಕಾಲೇಜು ಶುಲ್ಕವನ್ನು ಅಕ್ಕಿಯ ಖಾತೆಗೆ ಬರೆದರೂ ಅದು ತಾಳೆಯಾಗುತ್ತದೆ. ಮೊತ್ತ ಸಮವಾಗಿದೆ ಎಂದಷ್ಟೇ ತಾಳೆಪಟ್ಟಿ ಹೇಳುತ್ತದೆ. ಖಾತೆ ಸರಿಯೇ ಎಂದು ಅದು ಹೇಳುವುದಿಲ್ಲ.

ಏಕಮಾಲೀಕತ್ವದ ಹೋಟೆಲಿನ ಸಾಲಕ್ಕೆ ಕಾನೂನಿನಲ್ಲಿ ಮಾಲೀಕನೇ ಹೊಣೆ, ನಿಜ. ಆದರೆ ಪುಸ್ತಕ ಬರೆಯುವಾಗ ಹೋಟೆಲು ಬೇರೆ, ಮಾಲೀಕ ಬೇರೆ. ಊರಿಗೆ ಕಳುಹಿಸಲು 12,000 ರೂಪಾಯಿ ತೆಗೆದರೆ ನಗದು ಖಾತೆಗೆ ಕ್ರೆಡಿಟ್, ಮಾಲೀಕರು ಸ್ವಂತಕ್ಕೆ ತೆಗೆದದ್ದನ್ನು ಬರೆಯುವ ಡ್ರಾಯಿಂಗ್ಸ್ ಖಾತೆಗೆ ಡೆಬಿಟ್. ವರ್ಷದ ಕೊನೆಗೆ ಡ್ರಾಯಿಂಗ್ಸ್ ಬಂಡವಾಳದಿಂದ ಕಳೆಯಲ್ಪಡುತ್ತದೆಯೇ ಹೊರತು ಲಾಭ-ನಷ್ಟದ ಖಾತೆಯ ಹತ್ತಿರ ಸುಳಿಯುವುದಿಲ್ಲ. ಹೋಟೆಲಿನ ದಿನಸಿಯಲ್ಲಿ ಒಂದು ಚೀಲ ಅಕ್ಕಿ ಮನೆಗೆ ಹೋದರೂ ಡ್ರಾಯಿಂಗ್ಸ್ ಡೆಬಿಟ್ಟೇ. ಆಗ ಕ್ರೆಡಿಟ್ ಮಾತ್ರ ಖರೀದಿ ಖಾತೆಗೆ.

ಇದರಿಂದ ಏನು ವ್ಯತ್ಯಾಸ ಎನ್ನುವವರಿಗೆ ಒಂದು ಲೆಕ್ಕ. ನಿಜವಾದ ಲಾಭ 22 ಲಕ್ಷ, ಮನೆಗೆ ತಿಂಗಳಿಗೆ ಒಂದೂವರೆ ಲಕ್ಷದಂತೆ 18 ಲಕ್ಷ ಎಂದಿಟ್ಟುಕೊಳ್ಳಿ. ಆ 18 ಲಕ್ಷವನ್ನು ಖರ್ಚಿಗೆ ಬರೆದರೆ ಲಾಭ 4 ಲಕ್ಷವೆಂದು ಕಾಣುತ್ತದೆ. ಡ್ರಾಯಿಂಗ್ಸ್ ಎಂದು ಬರೆದರೆ ಲಾಭ 22 ಲಕ್ಷ, ಬಂಡವಾಳ ಬೆಳೆದದ್ದು 4 ಲಕ್ಷ. ಬಂಡವಾಳ ಎರಡರಲ್ಲೂ ಅಷ್ಟೇ. ಆದರೆ ಮೊದಲ ಪುಸ್ತಕ ಹಿಡಿದು ಎರಡನೆಯ ಶಾಖೆಗೆ ಸಾಲ ಕೇಳಲು ಹೋದವರಿಗೆ ಬ್ಯಾಂಕಿನವರು 4 ಲಕ್ಷದ ಲಾಭಕ್ಕೆ ತಕ್ಕ ಸಾಲವನ್ನಷ್ಟೇ ಕೊಟ್ಟಾರು. ಸ್ವಂತ ಖರ್ಚನ್ನು ಆದಾಯದಿಂದ ಕಳೆಯಲು ತೆರಿಗೆ ಕಾನೂನೂ ಬಿಡುವುದಿಲ್ಲ. ಪಾಲುದಾರಿಕೆಯಲ್ಲಿ ಕರಾರುಪತ್ರಕ್ಕೆ ಅನುಗುಣವಾಗಿ, ಮಿತಿಯೊಳಗೆ ಪಾಲುದಾರರ ಸಂಭಾವನೆಗೆ ಅವಕಾಶವುಂಟು. ಅದನ್ನು ನಿಮ್ಮ ಕರಾರು ನೋಡದೆ ಹೇಳಲಾಗದು.

ಬರೆಯದೇ ಬಿಡುವವರದು ಇನ್ನೊಂದು ಪಾಡು. ಪುಸ್ತಕದಲ್ಲಿ ನಗದು ನಾಲ್ಕು ಲಕ್ಷ, ಗಲ್ಲಾದಲ್ಲಿ ಆರು ಸಾವಿರ. ತದ್ವಿರುದ್ಧವಾಗಿ, ಹಾಲಿನವನಿಗೆ ಕೊಡಲು ಮನೆಯಿಂದ ತಂದು ಹಾಕಿದ ಹಣವನ್ನು ಬಂಡವಾಳಕ್ಕೆ ಜಮೆ ಮಾಡದಿದ್ದರೆ ನಗದು ಶಿಲ್ಕು ಸೊನ್ನೆಗಿಂತ ಕೆಳಗಿಳಿಯುತ್ತದೆ. ಗಲ್ಲಾದಲ್ಲಿ ಇಲ್ಲದ ನೋಟನ್ನು ಎಣಿಸಿ ಕೊಡುವುದು ಹೇಗೆ? ಲೆಕ್ಕ ತಪಾಸಿಗನ ಕಣ್ಣು ಮೊದಲು ಬೀಳುವುದೇ ಅಲ್ಲಿ, ಆಮೇಲೆ ಆ ಹಣದ ಮೂಲ ಕೇಳುತ್ತಾರೆ.

ಉಪನಗರದಲ್ಲಿ ಹೋಟೆಲು ನಡೆಸುವ ಅಣ್ಣತಮ್ಮಂದಿರು ನನಗೆ ಬಹಳ ಬೇಕಾದವರು. ಊರಿನ ದೈವದ ನೇಮಕ್ಕೆ, ಮನೆಯ ರಿಪೇರಿಗೆ, ತಂಗಿಯ ಮದುವೆಗೆ ಇಬ್ಬರೂ ಗಲ್ಲಾದಿಂದಲೇ ತೆಗೆದರು. ಯಾರೂ ಹೆಸರು ಬರೆಯಲಿಲ್ಲ. ಬೇರೆಯಾಗುವ ಮಾತು ಬಂದಾಗ ಯಾರದೆಷ್ಟು ಎಂದು ತಿಳಿಯಲು ದಾರಿಯೇ ಇರಲಿಲ್ಲ. "ನಮ್ಮದೇ ಹೋಟೆಲಿನಲ್ಲಿ ಚೀಟಿ ಬರೆದು ದುಡ್ಡು ತೆಗೆಯಬೇಕಾ?" ಎಂದು ಹಿಂದೊಮ್ಮೆ ದೊಡ್ಡವರು ನನ್ನನ್ನು ನಕ್ಕು ಕೇಳಿದ್ದರು. ಹೌದಣ್ಣಾ, ಬರೆಯಬೇಕು. ಚೀಟಿ ಮುಜುಗರವೆನಿಸಿದರೆ ತಿಂಗಳಿಗೊಮ್ಮೆ ಹೋಟೆಲಿನ ಬ್ಯಾಂಕ್ ಖಾತೆಯಿಂದ ಒಂದು ಮೊತ್ತವನ್ನು ನಿಮ್ಮ ಖಾತೆಗೆ ಹಾಕಿಕೊಂಡು, ಮನೆಯ ಖರ್ಚೆಲ್ಲ ಅಲ್ಲಿಂದಲೇ ನಡೆಸಿ. ಗುಮಾಸ್ತ ಬರೆಯಬೇಕಾದದ್ದು ಆಗ ತಿಂಗಳಿಗೆ ಒಂದೇ ನಮೂದು.