ಗಾಳಿ ತಿರುಗಿದ ದಿನ ಹೋಗಿ ನೋಡು

‘ಅಣ್ಣ, ಮನೆ ತುಂಬಾ ಇಷ್ಟ ಆಯ್ತು. ಎರಡು ಭಾನುವಾರ ಹೋಗಿ ಒಂದೊಂದು ಗಂಟೆ ಕೂತು ಬಂದ್ವಿ. ವಿಮಾನದ ಸದ್ದೇ ಇಲ್ಲ. ಆದ್ರೆ ಪೇಪರ್ಸ್‌ನಲ್ಲಿ ವಿಮಾನದ ಬಗ್ಗೆ ಏನೋ ಬರೆದಿದ್ದಾರೆ. ಸುಮ್ನೆ ಫಾರ್ಮಾಲಿಟಿ ಅಲ್ವಾ?’

ಫೋನ್ ಮಾಡಿದವನು ದಾವಣಗೆರೆಯ ಹುಡುಗ. ಅಮೆರಿಕದ ಡೆನ್ವರ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ನಾನು ಅದೇ ಊರಿನಲ್ಲಿ ನಗರ ಯೋಜನೆಯ ಕೆಲಸದವನು. ಯಾವ ಜಾಗದಲ್ಲಿ ಮನೆ ಬರಬೇಕು, ಯಾವ ಜಾಗದಲ್ಲಿ ಬರಬಾರದು ಎಂಬ ನಕ್ಷೆಗಳ ಜೊತೆ ದಿನ ಕಳೆಯುವವನು. ಹಾಗಾಗಿ ಮನೆ ಕೊಳ್ಳುವ ಕನ್ನಡದವರ ಫೋನು ನನಗೆ ಆಗಾಗ ಬರುತ್ತದೆ.

ಅದು ಫಾರ್ಮಾಲಿಟಿ ಅಲ್ಲ. ‘ಈ ಮನೆಯ ಮೇಲೆ ವಿಮಾನ ಹಾರಬಹುದು, ಸದ್ದು ಬರಬಹುದು, ನಮ್ಮ ತಕರಾರಿಲ್ಲ’ ಎಂಬ ಒಪ್ಪಿಗೆ ಅದು. ಒಮ್ಮೆ ದಾಖಲಾದರೆ ಜಾಗಕ್ಕೇ ಅಂಟಿಕೊಳ್ಳುತ್ತದೆ. ಮನೆ ನಾಲ್ಕು ಕೈ ಬದಲಾದರೂ ಒಪ್ಪಿಗೆ ಹಾಗೇ ಇರುತ್ತದೆ. ಎರಡು ಭಾನುವಾರ ಸದ್ದಿಲ್ಲದೆ ಇದ್ದದ್ದಕ್ಕೆ ಕಾರಣ ಗಾಳಿ. ವಿಮಾನ ಗಾಳಿಗೆ ಎದುರಾಗಿ ಏರುತ್ತದೆ, ಎದುರಾಗಿಯೇ ಇಳಿಯುತ್ತದೆ. ಡೆನ್ವರ್‌ನಲ್ಲಿ ಆರು ರನ್‌ವೇ ಇವೆ: ನಾಲ್ಕು ಉತ್ತರ-ದಕ್ಷಿಣ, ಎರಡು ಪೂರ್ವ-ಪಶ್ಚಿಮ. ಆ ಹೊತ್ತಿನ ಗಾಳಿ ನೋಡಿ ಯಾವುದನ್ನು ಬಳಸಬೇಕು, ಯಾವ ದಿಕ್ಕಿಗೆ ಬಳಸಬೇಕು ಎಂದು ತೀರ್ಮಾನಿಸುತ್ತಾರೆ. ಅವನು ಹೋದ ಎರಡೂ ದಿನದ ಗಾಳಿಗೆ ವಿಮಾನಗಳು ಬೇರೆ ದಿಕ್ಕಿಗೆ ಹೋಗುತ್ತಿದ್ದವು, ಅಷ್ಟೇ.

‘ಇಷ್ಟು ದೊಡ್ಡ ಬಯಲಲ್ಲಿ ಏರ್‌ಪೋರ್ಟ್ ಕಟ್ಟಿದ್ದೇ ಈ ತಾಪತ್ರಯ ಬೇಡ ಅಂತ ಅಲ್ವಾ ಅಣ್ಣ?’ ಎಂದ. ಒಳ್ಳೆ ಪ್ರಶ್ನೆ. ಉತ್ತರ ಹೇಳಬೇಕಾದರೆ ಹಳೆಯ ಏರ್‌ಪೋರ್ಟಿನಿಂದಲೇ ಶುರು ಮಾಡಬೇಕು.

ಡೆನ್ವರ್‌ನ ಹಳೆಯ ನಿಲ್ದಾಣದ ಹೆಸರು ಸ್ಟೇಪಲ್ಟನ್. 1929ರಲ್ಲಿ ಶುರುವಾಯಿತು. ಊರಿನ ನಡುಭಾಗಕ್ಕೆ ಹತ್ತಿರ. ಬರಬರುತ್ತಾ ಮನೆಗಳು ಬೇಲಿಯವರೆಗೂ ಬಂದವು. ಪಕ್ಕದ ಪಾರ್ಕ್ ಹಿಲ್ ಬಡಾವಣೆಯವರು ಸದ್ದು ತಡೆಯಲಾರದೆ ಕೋರ್ಟಿಗೆ ಹೋದರು. ಉತ್ತರಕ್ಕೆ ಬೆಳೆಯೋಣ ಎಂದರೆ ಅಲ್ಲಿ ಸೇನೆ ರಾಸಾಯನಿಕ ಅಸ್ತ್ರ ತಯಾರಿಸಿ ಕೆಡಿಸಿದ್ದ ನೆಲ. (ಈಗ ಅಲ್ಲಿ ಕಾಡುಕೋಣದ ಜಾತಿಯ ಬೈಸನ್‌ಗಳು ಮೇಯುತ್ತವೆ!) ಇನ್ನೊಂದು ತೊಂದರೆಯೂ ಇತ್ತು. ಜೋಡಿ ರನ್‌ವೇಗಳು ಒಂದಕ್ಕೊಂದು ತೀರಾ ಹತ್ತಿರ. ಆಕಾಶ ತಿಳಿಯಾಗಿದ್ದಾಗ ಪರವಾಗಿಲ್ಲ. ಮೋಡ ಕವಿದರೆ, ಹಿಮ ಸುರಿದರೆ ಎರಡರ ಮೇಲೂ ಒಟ್ಟಿಗೆ ಇಳಿಸುವಂತಿಲ್ಲ. ಡೆನ್ವರ್‌ನಲ್ಲಿ ಇಳಿಯುವ ಸಾಲು ಉದ್ದವಾದರೆ ಅರ್ಧ ಅಮೆರಿಕದಲ್ಲಿ ವಿಮಾನ ತಡ.

ಹೊಸ ಜಾಗ ಬೇಕು ಎಂದಾಗ ಬೇರೆಯದೇ ಅಡ್ಡಿ ಎದುರಾಯಿತು. ಪಕ್ಕದ ಕೌಂಟಿಯ (ನಮ್ಮ ಜಿಲ್ಲೆ ಇದ್ದಹಾಗೆ) ಜನ ವೋಟು ಹಾಕಿ ಒಪ್ಪದೆ ಡೆನ್ವರ್ ನಗರ ಅವರ ನೆಲ ಸೇರಿಸಿಕೊಳ್ಳುವಂತಿಲ್ಲ ಎಂದು 1974ರಲ್ಲೇ ಡೆನ್ವರ್ ಇರುವ ಕೊಲೊರಾಡೊ ರಾಜ್ಯದ ಸಂವಿಧಾನಕ್ಕೆ ತಿದ್ದುಪಡಿ ಆಗಿತ್ತು. ಹಾಗಾಗಿ ಆಡಮ್ಸ್ ಕೌಂಟಿಯ ಜನರನ್ನು ಒಲಿಸಬೇಕಾಯಿತು. ಗವರ್ನರ್ ರಾಯ್ ರೋಮರ್ ಬೆಳಗಿನ ಹೊತ್ತು ಅಲ್ಲಿನ ಹೋಟೆಲುಗಳಲ್ಲಿ ಜನರ ಜೊತೆ ಓಟ್ಸ್ ಗಂಜಿ ತಿನ್ನುತ್ತಾ ಪ್ರಚಾರ ಮಾಡಿದರು. 1988ರ ಮೇ ತಿಂಗಳಲ್ಲಿ ಕೌಂಟಿ ಒಪ್ಪಿತು. ಸಿಕ್ಕ ನೆಲ 53 ಚದರ ಮೈಲಿ, ಅಂದರೆ ಸುಮಾರು 34,000 ಎಕರೆ. ಬೆಂಗಳೂರಿನ ದೇವನಹಳ್ಳಿ ನಿಲ್ದಾಣ ಸುಮಾರು 4,000 ಎಕರೆ. ಡೆನ್ವರ್‌ನವರು ಸಾಕಾಗಲಿಲ್ಲ ಎಂದು ಮುಚ್ಚಿದ ಸ್ಟೇಪಲ್ಟನ್ನೇ 4,700 ಎಕರೆ ಇತ್ತು.

1995ರ ಫೆಬ್ರವರಿ 28ಕ್ಕೆ ಹೊಸ ನಿಲ್ದಾಣ ತೆರೆಯಿತು, ಹದಿನಾರು ತಿಂಗಳು ತಡವಾಗಿ. ಲಗೇಜು ಸಾಗಿಸುವ ಯಂತ್ರಗಳು ಸೂಟ್‌ಕೇಸುಗಳನ್ನು ಚಿಂದಿ ಮಾಡಿದ ಕಥೆ ಎಲ್ಲರೂ ಹೇಳುತ್ತಾರೆ, ನಾನು ಬಿಡುತ್ತೇನೆ. ಗಮನಿಸಬೇಕಾದದ್ದು ನೆಲವನ್ನು ಬಳಸಿದ ರೀತಿ. ರನ್‌ವೇಗಳನ್ನು ಮಕ್ಕಳ ಗಾಳಿಗಿರಕಿಯ ರೆಕ್ಕೆಗಳಂತೆ ಟರ್ಮಿನಲ್ ಸುತ್ತ ಹರಡಿದ್ದಾರೆ. ಒಂದು ಇನ್ನೊಂದನ್ನು ಕತ್ತರಿಸುವುದಿಲ್ಲ. ಹವೆ ಕೆಟ್ಟಾಗಲೂ ಮೂರು ವಿಮಾನ ಏಕಕಾಲಕ್ಕೆ ಇಳಿಯಬಹುದು. 2003ರಲ್ಲಿ ಬಂದ ಆರನೇ ರನ್‌ವೇ 16,000 ಅಡಿ ಉದ್ದ. ಅಷ್ಟುದ್ದ ಯಾಕೆ? ಡೆನ್ವರ್ ಇರುವುದೇ ಮೈಲಿ ಎತ್ತರದಲ್ಲಿ. ಗಾಳಿ ತೆಳು. ಬೇಸಿಗೆ ಮಧ್ಯಾಹ್ನ ಇನ್ನೂ ತೆಳು. ದೂರದೇಶಕ್ಕೆ ಇಂಧನ ತುಂಬಿಕೊಂಡ ದೊಡ್ಡ ವಿಮಾನ ಮೇಲೇಳಬೇಕಾದರೆ ಜಾಸ್ತಿ ದೂರ ಓಡಲೇಬೇಕು.

ಹನ್ನೆರಡು ರನ್‌ವೇಗೆ ಜಾಗವಿದೆ, ಅರ್ಧ ಮಾತ್ರ ಕಟ್ಟಿದ್ದಾರೆ. ಉಳಿದ ನೆಲದಲ್ಲಿ ಸಾಕಷ್ಟನ್ನು ರೈತರಿಗೆ ಗುತ್ತಿಗೆಗೆ ಕೊಟ್ಟಿದ್ದಾರೆ. ಗೋಧಿ ಬೆಳೆಯುತ್ತಾರೆ. 5 ಕೋಟಿ ಪ್ರಯಾಣಿಕರಿಗೆಂದು ಕಟ್ಟಿದ ನಿಲ್ದಾಣ 2024ರಲ್ಲಿ 8.2 ಕೋಟಿಗೂ ಹೆಚ್ಚು ಜನರನ್ನು ಕಂಡಿತು. ಗೇಟು ಸೇರಿಸಬೇಕೇ? ಕಾಂಕೋರ್ಸಿನ (ವಿಮಾನ ಹತ್ತುವ ಗೇಟುಗಳಿರುವ ಉದ್ದ ಕಟ್ಟಡದ) ತುದಿಯಿಂದ ಮುಂದಕ್ಕೆ ಎಳೆದರಾಯಿತು, ಯಾರ ಮನೆಯನ್ನೂ ಒಡೆಯಬೇಕಿಲ್ಲ. ನನ್ನ ಕಣ್ಣಿಗೆ ಈ ನಿಲ್ದಾಣದ ನಿಜವಾದ ಆಸ್ತಿ ಟರ್ಮಿನಲ್ಲಿನ ಬಿಳಿ ಗುಡಾರದಂಥ ಛಾವಣಿ ಅಲ್ಲ, ಆ ಗೋಧಿ ಹೊಲ.

ಆದರೆ ಖಾಲಿ ನೆಲವನ್ನು ಸುಮ್ಮನೆ ಬಿಡುವುದು ಎಷ್ಟು ಕಷ್ಟ ನೋಡಿ. ಬೇಲಿಯ ಒಳಗೆ ಹೊಲ ಉಳಿಯಿತು, ಬೇಲಿಯ ಹೊರಗೆ ಬಡಾವಣೆಗಳು ಎದ್ದವು. ಪೆನಾ ಬುಲೆವಾರ್ಡ್ ಎಂಬ ರಸ್ತೆಯನ್ನು ಹಾಕಿದ್ದು ನಿಲ್ದಾಣಕ್ಕೆ ಹೋಗಿಬರಲು. ಈಗ ಅದೇ ಆ ಬಡಾವಣೆಗಳ ಜನ ಆಫೀಸಿಗೆ ಹೋಗುವ ರಸ್ತೆಯೂ ಆಗಿದೆ. ಅಗಲ ಮಾಡೋಣ ಎಂದರೆ ಕೇಂದ್ರದ ಕಾನೂನು ಅಡ್ಡ. ನಿಲ್ದಾಣದ ದುಡ್ಡು ನಿಲ್ದಾಣದ ಕೆಲಸಕ್ಕೇ ಹೋಗಬೇಕು, ಊರಿನ ಖರ್ಚಿಗಲ್ಲ. ಯಾವ ಗಾಡಿ ವಿಮಾನದ್ದು, ಯಾವುದು ಆಫೀಸಿನದ್ದು ಎಂದು ಲೆಕ್ಕ ಹಾಕುತ್ತಾ ಕೂತ ಮೀಟಿಂಗುಗಳು ನನಗೆ ಚೆನ್ನಾಗಿ ಗೊತ್ತು. 2016ರ ಏಪ್ರಿಲ್‌ನಿಂದ ರೈಲಿದೆ. ಊರಿನ ನಡುವಿನ ಯೂನಿಯನ್ ಸ್ಟೇಷನ್‌ನಿಂದ 37 ನಿಮಿಷ. ಒಳ್ಳೆ ರೈಲು, ಆದರೆ ರಸ್ತೆ ಖಾಲಿಯಾಗಿಲ್ಲ.

ಇನ್ನು ಸದ್ದಿನ ಲೆಕ್ಕ. ಹುಡುಗನಿಗೆ ಇದನ್ನೇ ಜಾಸ್ತಿ ಹೊತ್ತು ಹೇಳಿದೆ. ಅಮೆರಿಕದಲ್ಲಿ ಸದ್ದನ್ನು ಇಡೀ ದಿನದ ಸರಾಸರಿಯಾಗಿ ಅಳೆದು, ವರ್ಷದ ಎಲ್ಲ ದಿನಗಳಿಗೂ ಸರಾಸರಿ ತೆಗೆದು ನಕ್ಷೆಯ ಮೇಲೆ ಗೆರೆ ಎಳೆಯುತ್ತಾರೆ. ರಾತ್ರಿ ಹತ್ತರಿಂದ ಬೆಳಗ್ಗೆ ಏಳರವರೆಗಿನ ವಿಮಾನಕ್ಕೆ 10 ಡೆಸಿಬೆಲ್ ದಂಡ ಸೇರಿಸುತ್ತಾರೆ. ಅಂದರೆ ರಾತ್ರಿಯ ಒಂದು ವಿಮಾನ ಹಗಲಿನ ಹತ್ತಕ್ಕೆ ಸಮ. ಹೀಗೆ ಬಂದ ಅಂಕಿ 65 ಡೆಸಿಬೆಲ್ ದಾಟದಿದ್ದರೆ ಮನೆ ಕಟ್ಟಲು ಅಡ್ಡಿಯಿಲ್ಲ ಎನ್ನುವುದು ಕೇಂದ್ರದ ಮಾನದಂಡ. ಅವನ ಮನೆ ಗೆರೆಯ ಹೊರಗಿತ್ತು. ಆದರೆ ಬೆಳಗಿನ ಜಾವ ನಾಲ್ಕೂವರೆಗೆ ಮಗು ಎಚ್ಚರವಾಗುವುದು ಸರಾಸರಿಯಿಂದಲ್ಲ, ತಲೆ ಮೇಲೆ ಹೋದ ಒಂದು ವಿಮಾನದಿಂದ.

ಈ ಅಳತೆಯ ಮೇಲೇ ದೊಡ್ಡ ಜಗಳವಾಗಿದೆ. 1988ರಲ್ಲಿ ಡೆನ್ವರ್ ಮತ್ತು ಆಡಮ್ಸ್ ಕೌಂಟಿ ಮಾಡಿಕೊಂಡ ಒಪ್ಪಂದದಲ್ಲಿ ಸದ್ದು ಮಿತಿ ದಾಟಬಾರದ 101 ಜಾಗಗಳನ್ನು ಗುರುತಿಸಿದ್ದರು. ಮಿತಿ ದಾಟಿ ಸರಿಪಡಿಸದಿದ್ದರೆ ಒಂದೊಂದು ಉಲ್ಲಂಘನೆಗೂ 5 ಲಕ್ಷ ಡಾಲರ್. ಡೆನ್ವರ್ ಕಂಪ್ಯೂಟರ್ ಮಾದರಿ ಹಾಕಿ ಲೆಕ್ಕ ತೆಗೆಯಿತು. ಆಡಮ್ಸ್ ಕೌಂಟಿ ‘ಲೆಕ್ಕ ಬೇಡ, ನೆಲದ ಮೇಲೆ ಮೈಕ್ ಇಟ್ಟು ಅಳೆಯಿರಿ’ ಎಂದು ಕೇಸು ಹಾಕಿತು. ಕೆಳಗಿನ ಕೋರ್ಟು 3.35 ಕೋಟಿ ಡಾಲರ್ ಕೊಡಿ ಎಂದಿತು. ಕೊಲೊರಾಡೊದ ಸುಪ್ರೀಂ ಕೋರ್ಟು, ಗಡುವು ಮುಗಿದ ಮೇಲೆ ಬಂದಿದ್ದೀರಿ ಎಂದು ಅದನ್ನು ತಳ್ಳಿಹಾಕಿತು. ಯಾವ ಅಳತೆ ಸರಿ ಎನ್ನುವುದಕ್ಕಿಂತ ಯಾವಾಗ ಬಂದಿರಿ ಎನ್ನುವುದೇ ದೊಡ್ಡದಾಯಿತು. ನನಗೆ ಕೇಳಿದರೆ, ಇಂಥ ಒಪ್ಪಂದ ಬರೆಯುವಾಗ ಮೈಕ್ ಎಲ್ಲಿಡಬೇಕು, ಯಾರು ಓದಬೇಕು ಎನ್ನುವುದನ್ನು ಮೊದಲ ಪುಟದಲ್ಲೇ ಬರೆಯಬೇಕು.

‘ಹಾಗಾದ್ರೆ ಹಳೇ ಏರ್‌ಪೋರ್ಟ್ ಜಾಗದಲ್ಲೇ ಮನೆ ನೋಡ್ಲಾ?’ ಎಂದ. ನೋಡಬಹುದು. ಸ್ಟೇಪಲ್ಟನ್‌ನ ರನ್‌ವೇಗಳನ್ನು ಒಡೆದು ಸುಮಾರು 60 ಲಕ್ಷ ಟನ್ ಕಾಂಕ್ರೀಟನ್ನು ಜಲ್ಲಿ ಮಾಡಿ ಮತ್ತೆ ಬಳಸಿದರು. ಈಗ ಅಲ್ಲಿ ಸಾವಿರಾರು ಮನೆ, ಶಾಲೆ, ಪಾರ್ಕು. ವಿಮಾನಗಳಿಗೆ ದಾರಿ ಹೇಳುತ್ತಿದ್ದ ಕಂಟ್ರೋಲ್ ಟವರ್‌ನ ಬುಡದಲ್ಲಿ ಬಿಯರ್ ಮಾರಿದ್ದೂ ಉಂಟು. ನಿಲ್ದಾಣಕ್ಕೆ ಯಾರ ಹೆಸರಿಟ್ಟಿದ್ದರೋ ಆ ಮೇಯರ್ ಸ್ಟೇಪಲ್ಟನ್‌ಗೆ, ಬಿಳಿಯರೇ ಮೇಲು ಎನ್ನುವ ಕು ಕ್ಲಕ್ಸ್ ಕ್ಲಾನ್ ಗುಂಪಿನ ನಂಟಿತ್ತು ಎಂದು 2020ರಲ್ಲಿ ನಿವಾಸಿಗಳು ಬಡಾವಣೆಯ ಹೆಸರನ್ನೇ ಸೆಂಟ್ರಲ್ ಪಾರ್ಕ್ ಎಂದು ಬದಲಿಸಿದರು. ಆ ಕಡೆಯ ಬೆಲೆ ಕೇಳಿ ಹುಡುಗ ಒಂದು ಕ್ಷಣ ಮಾತಾಡಲಿಲ್ಲ.

‘ಗಾಳಿ ತಿರುಗಿದ ದಿನ ಇನ್ನೊಂದು ಸಲ ಹೋಗಿ ನೋಡು, ಬೆಳಗ್ಗೆ ಬೇಗ ಹೋಗು’ ಎಂದೆ. ಹೋದನಂತೆ. ಅರ್ಧ ಗಂಟೆಯಲ್ಲಿ ಹನ್ನೊಂದು ವಿಮಾನ ಎಣಿಸಿದನಂತೆ. ಆಮೇಲೂ ಅದೇ ಮನೆ ತಗೊಂಡ, ಆದರೆ ಆ ಸದ್ದಿನ ನಕ್ಷೆಯನ್ನು ಮೇಜಿನ ಮೇಲೆ ಹರಡಿ ಚೌಕಾಸಿ ಮಾಡಿ, ಮಲಗುವ ಕೋಣೆಯ ಕಿಟಕಿಗಳಿಗೆ ದಪ್ಪ ಗಾಜು ಹಾಕಿಸುವ ಖರ್ಚನ್ನು ಮಾರುವವರ ತಲೆಗೆ ಕಟ್ಟಿದ.