ತಾಯಂದಿರ ಆರೋಗ್ಯಕ್ಕೆ ಪ್ರಶಸ್ತಿ: ಸೊನ್ನೆ ಸಾವಿಗೆ ಅಂಕ ಕೊಡುವ ಮುನ್ನ

ಪುಣೆಯಲ್ಲಿ ಹೆರಿಗೆ ವೈದ್ಯೆಯಾಗಿರುವುದರಿಂದ ತಾಯಿ-ಮಗುವಿನ ಆರೋಗ್ಯಕ್ಕೆ ಕೊಡುವ ಪ್ರಶಸ್ತಿಗಳ ಆಯ್ಕೆ ಸಮಿತಿಗೆ ನನ್ನನ್ನು ಆಗಾಗ ಕರೆಯುತ್ತಾರೆ. ಅರ್ಜಿಯಲ್ಲಿ ಎಲ್ಲರ ಕಣ್ಣು ಮೊದಲು ಹೋಗುವುದು ಎರಡು ಅಂಕಿಗಳ ಮೇಲೆ. ಎಷ್ಟು ಹೆರಿಗೆ ಆಗಿದೆ, ಎಷ್ಟು ತಾಯಂದಿರು ತೀರಿಕೊಂಡಿದ್ದಾರೆ. ಮೊದಲನೆಯದು ದೊಡ್ಡದು, ಎರಡನೆಯದು ಸೊನ್ನೆ ಅಂದರೆ ಮಾತು ಅಲ್ಲಿಗೆ ಮುಗಿಯುತ್ತದೆ. ಆ ಸೊನ್ನೆಯನ್ನು ಅಷ್ಟು ಬೇಗ ನಂಬಬೇಡಿ ಅಂತ ನಾನು ಪ್ರತಿ ಸಲ ಹೇಳುತ್ತೇನೆ.

ಯಾಕೆ ಅಂದರೆ, ಸಣ್ಣ ನರ್ಸಿಂಗ್ ಹೋಮಿನಲ್ಲಿ ಹೆರಿಗೆಯಾಗಿ ರಕ್ತ ನಿಲ್ಲುವುದಿಲ್ಲ. ಆಂಬುಲೆನ್ಸಿಗೆ ಹತ್ತಿಸಿ ದೊಡ್ಡಾಸ್ಪತ್ರೆಗೆ ಕಳಿಸುತ್ತಾರೆ. ಎರಡು ಗಂಟೆಯಲ್ಲಿ ಜೀವ ಹೋಗುತ್ತದೆ. ಸಾವು ದೊಡ್ಡಾಸ್ಪತ್ರೆಯ ಲೆಕ್ಕಕ್ಕೆ ಸೇರುತ್ತದೆ, ಕಳಿಸಿದವರ ಸೊನ್ನೆ ಸೊನ್ನೆಯಾಗಿಯೇ ಉಳಿಯುತ್ತದೆ. ಬೇರೆಯವರು ಕೈಚೆಲ್ಲಿದ ಕೇಸುಗಳನ್ನೆಲ್ಲ ಒಳಗೆ ಕರೆದುಕೊಳ್ಳುವ ಆಸ್ಪತ್ರೆಯಲ್ಲಿ ಸಾವು ಜಾಸ್ತಿ ಇದ್ದೇ ಇರುತ್ತದೆ, ಅಲ್ವಾ? ಅದಕ್ಕೇ ನಾನು ಕೇಳುವುದು ಬೇರೆ. ಬಿಪಿ ಏರಿ ಫಿಟ್ಸ್ ಬಂದವಳನ್ನು ಕಳಿಸುವ ಮೊದಲು, ಫಿಟ್ಸ್ ತಡೆಯುವ ಮದ್ದಾದ ಮೆಗ್ನೀಸಿಯಂ ಸಲ್ಫೇಟಿನ ಮೊದಲ ಡೋಸ್ ಕೊಟ್ಟಿದ್ದರಾ? ಕೊಟ್ಟ ಸಮಯ ಚೀಟಿಯಲ್ಲಿ ಬರೆದಿದ್ದರಾ? ಜೊತೆಗೆ ನರ್ಸ್ ಹೋದರಾ? ಆ ಕಡೆಯ ಆಸ್ಪತ್ರೆಗೆ ಮುಂಚೆಯೇ ಫೋನ್ ಮಾಡಿದ್ದರಾ?

ಒಂದು ಸಲ ಅರ್ಜಿಯಲ್ಲಿ ಹೊಸ ಪ್ರಶ್ನೆ ಸೇರಿಸಿದೆವು: ನೀವು ಕೊನೆಯದಾಗಿ ಕಳೆದುಕೊಂಡ ತಾಯಿಯ ನಂತರ ನಿಮ್ಮ ವಾರ್ಡಿನಲ್ಲಿ ಏನು ಬದಲಾಯಿತು? ಹೆಚ್ಚಿನವರು ಖಾಲಿ ಬಿಟ್ಟರು. ಒಬ್ಬರು ಮಾತ್ರ ಒಂದು ಪುಟ ಬರೆದಿದ್ದರು. ರಕ್ತದ ಫ್ರಿಜ್ಜಿನ ಬೀಗದ ಕೈ ರಾತ್ರಿ ಆಫೀಸಿನಲ್ಲಿ ಇರುತ್ತಿತ್ತಂತೆ. ಆ ಸಾವಿನ ನಂತರ ಅದನ್ನು ಹೆರಿಗೆ ಕೋಣೆಯ ಸಿಸ್ಟರ್ ಕೈಗೆ ಕೊಟ್ಟರಂತೆ. ನಾನು ಅತಿ ಹೆಚ್ಚು ಅಂಕ ಕೊಟ್ಟದ್ದು ಆ ಅರ್ಜಿಗೆ.

ಮುಂದಾಳತ್ವ ಅಂದಕೂಡಲೇ ನಮ್ಮ ಮನಸ್ಸಿಗೆ ಬರುವುದು ಡೀನ್, ಸೂಪರಿಂಟೆಂಡೆಂಟ್. ಹೆರಿಗೆ ಕೋಣೆಯಲ್ಲಿ ಅದು ಬೇರೆ ಥರ ಕಾಣುತ್ತದೆ. ಮಗು ಹುಟ್ಟಿದ ಕೂಡಲೇ ಗರ್ಭಕೋಶ ಬಿಗಿಯಾಗಿ ರಕ್ತ ಕಡಿಮೆ ಹೋಗಲಿ ಅಂತ ತಾಯಿಗೆ 10 ಯೂನಿಟ್ ಆಕ್ಸಿಟೋಸಿನ್ ಮದ್ದು ಕೊಡುತ್ತೇವೆ. ಆಮೇಲೆ ಹೋಗುವ ರಕ್ತವನ್ನು ಕಣ್ಣಂದಾಜಿನಲ್ಲಿ ಲೆಕ್ಕ ಹಾಕಿದರೆ ಸಾಮಾನ್ಯವಾಗಿ ಕಡಿಮೆಯೇ ಅನ್ನಿಸುತ್ತದೆ. ಬಟ್ಟೆ, ಹತ್ತಿ ಎಲ್ಲ ಹೀರಿಕೊಂಡಿರುತ್ತವೆ. ಅಳತೆಯ ಗುರುತು ಇರುವ ಪ್ಲಾಸ್ಟಿಕ್ ಚೀಲವನ್ನು ಕೆಳಗೆ ಹಾಸಿದರೆ ಮೋಸ ಇಲ್ಲ. ಕೀನ್ಯಾ, ನೈಜೀರಿಯಾ, ತಾಂಜಾನಿಯಾ, ದಕ್ಷಿಣ ಆಫ್ರಿಕಾದ 80 ಆಸ್ಪತ್ರೆಗಳಲ್ಲಿ ಹೀಗೆ ಅಳೆದು, ತಡಮಾಡದೆ ಎಲ್ಲ ಚಿಕಿತ್ಸೆ ಒಟ್ಟಿಗೆ ಶುರು ಮಾಡಿದಾಗ ತೀವ್ರ ರಕ್ತಸ್ರಾವದಂಥ ಅಪಾಯಗಳು ಶೇ. 60ರಷ್ಟು ತಗ್ಗಿದವು. 2023ರಲ್ಲಿ ಆ ಫಲಿತಾಂಶ ಪ್ರಕಟವಾಯಿತು.

ಆದರೆ ಚೀಲ ತಾನಾಗಿ ಮಾತಾಡುವುದಿಲ್ಲ. ನಮ್ಮ ವಾರ್ಡಿನ ಸಿಸ್ಟರ್ ಒಬ್ಬರು ಬೆಳಗಾವಿ ಕಡೆಯವರು. ಮಧ್ಯರಾತ್ರಿ ಫೋನ್ ಮಾಡಿ, "ಮೇಡಂ, 400 ದಾಟೇತ್ರಿ. ಹಿಮೋಗ್ಲೋಬಿನ್ ಏಳೇ ಐತಿ. ನೀವು ಈಗ ಬರ್ರಿ" ಅನ್ನುತ್ತಾರೆ. ಪುಸ್ತಕದ ಪ್ರಕಾರ 500 ಮಿಲಿ ದಾಟಿದರೆ ಅಪಾಯ. ರಕ್ತ ಕಡಿಮೆ ಇರುವ ಹೆಂಗಸಿಗೆ 400 ಕೂಡ ಜಾಸ್ತಿಯೇ ಅನ್ನುವುದು ಅವರಿಗೆ ಗೊತ್ತು. ಡಾಕ್ಟರನ್ನು ಎಬ್ಬಿಸಲು ಹೆದರದ ಇಂಥ ನರ್ಸ್ ಇರುವ ವಾರ್ಡಿನಲ್ಲಿ ತಾಯಂದಿರು ಉಳಿಯುತ್ತಾರೆ. ಆದರೆ ಉಳಿದ ಜೀವಕ್ಕೆ ಪ್ರಶಸ್ತಿಯ ಅರ್ಜಿಯಲ್ಲಿ ಕಾಲಂ ಇಲ್ಲ.

ಒಳ್ಳೆಯ ಪ್ರಶಸ್ತಿಗಳು ಇಲ್ಲ ಅಂತಲ್ಲ. ಪುಣೆಯ ಕೆಇಎಂ ಆಸ್ಪತ್ರೆಯನ್ನು ಬೆಳೆಸಿ, ವಢು ಗ್ರಾಮದವರೆಗೆ ಆರೋಗ್ಯಸೇವೆ ಒಯ್ದ ಬಾನೂ ಕೋಯಾಜಿ ಅವರಿಗೆ 1993ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನಮ್ಮ ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಸಿಕ್ಕಿತು. ಅದೇ ವರ್ಷ ಗಡಚಿರೋಲಿಯ ಅಭಯ್ ಬಂಗ್, ರಾಣಿ ಬಂಗ್ ದಂಪತಿಗೂ ಸಿಕ್ಕಿತು. ಹಳ್ಳಿಯ ಹೆಂಗಸರಿಗೆ ತರಬೇತಿ ಕೊಟ್ಟು ಮನೆಯಲ್ಲೇ ನವಜಾತ ಶಿಶುವನ್ನು ನೋಡಿಕೊಳ್ಳಬಹುದು ಅಂತ ತೋರಿಸಿದವರು ಅವರು. ಇವತ್ತು ಆಶಾ ಕಾರ್ಯಕರ್ತೆ ಆರು ಸಲ ಬಾಣಂತಿಯ ಮನೆಗೆ ಹೋಗಿ ಮಗುವಿನ ತೂಕ, ಉಸಿರು, ಮೈಬಿಸಿ ನೋಡುತ್ತಾಳಲ್ಲ, ಅದರ ಬೇರು ಅಲ್ಲಿದೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಅಷ್ಟೂ ಆಶಾಗಳಿಗೆ ಒಟ್ಟಾಗಿ ಜಾಗತಿಕ ಆರೋಗ್ಯ ನಾಯಕರ ಪ್ರಶಸ್ತಿ ಕೊಟ್ಟಿತು. ನನಗೆ ತುಂಬಾ ಸಮಾಧಾನ ತಂದ ಪ್ರಶಸ್ತಿ ಅದು.

2018-20ರ ಲೆಕ್ಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ತಾಯಂದಿರ ಸಾವು ದೇಶದಲ್ಲಿ 97, ಕರ್ನಾಟಕದಲ್ಲಿ 69, ಮಹಾರಾಷ್ಟ್ರದಲ್ಲಿ 33. ಈ ಸರಾಸರಿಯಲ್ಲಿ ಪುಣೆಯ ಕಟ್ಟಡ ಕೆಲಸದ ಶೆಡ್ಡುಗಳು ಕಾಣುವುದಿಲ್ಲ. ಕಲಬುರಗಿ, ವಿಜಯಪುರ ಕಡೆಯಿಂದ ಬಂದ ಹೆಣ್ಣುಮಕ್ಕಳು ಇಲ್ಲಿ ಬಸುರಿಯಾಗಿ, ಹೆರಿಗೆಗೆ ತವರಿಗೆ ಹೋಗಿ, ಹಸುಗೂಸು ಎತ್ತಿಕೊಂಡು ಮತ್ತೆ ಶೆಡ್ಡಿಗೆ ಬರುತ್ತಾರೆ. ಇಲ್ಲಿನ ಕಾರ್ಡು ಮರಾಠಿಯಲ್ಲಿ, ಅಲ್ಲಿನ ತಾಯಿ ಕಾರ್ಡು ಕನ್ನಡದಲ್ಲಿ. ನಡುವೆ ಎಷ್ಟೋ ಚುಚ್ಚುಮದ್ದು ತಪ್ಪುತ್ತವೆ. ಊರಿನ ಆಶಾಗೆ ಫೋನ್ ಹಚ್ಚಿ, ಹರಕು ಮುರುಕು ಕನ್ನಡದಲ್ಲಿ "ಬಿಪಿ ಜಾಸ್ತಿ ಇದೆ, ನೋಡ್ಕೊಳ್ಳಿ" ಅಂತ ಹೇಳುವ ಮರಾಠಿ ಆಶಾ ಕಾರ್ಯಕರ್ತೆಯರು ಇಲ್ಲಿದ್ದಾರೆ.

ಮುಂಬೈ, ಪುಣೆಯ ನಮ್ಮ ಕನ್ನಡ ಸಂಘಗಳು ರಾಜ್ಯೋತ್ಸವಕ್ಕೆ ಡಾಕ್ಟರುಗಳನ್ನು ಕರೆದು ಶಾಲು ಹೊದಿಸುತ್ತವೆ. ಈ ನವೆಂಬರಿನಲ್ಲಿ ಅಂಥ ಒಬ್ಬ ಆಶಾಳನ್ನು ಕರೆಯಿರಿ. ಹೆಸರು ಬೇಕಿದ್ದರೆ ಶೆಡ್ಡಿಗೆ ಹತ್ತಿರದ ಆರೋಗ್ಯ ಕೇಂದ್ರದ ನರ್ಸನ್ನು ಕೇಳಿ. ಫಲಕದ ಬದಲು ಪ್ರಶಸ್ತಿಯ ದುಡ್ಡು ನೇರವಾಗಿ ಅವಳ ಖಾತೆಗೆ ಹಾಕಿ. ಕಾರ್ಯಕ್ರಮಕ್ಕೆ ಬರಲು ಒಂದು ದಿನದ ಭೇಟಿಗಳನ್ನು ಬಿಟ್ಟು ಬರಬೇಕಾಗುತ್ತದೆ, ಅದಕ್ಕೂ ಲೆಕ್ಕ ಹಾಕಿ ಕೊಡಿ.